ವೇಲ್ಸ್ ಗುಡ್ಡದ ಮೇಲೆ ಟ್ಯೂಬಿಲ್ಲದ ಪಂಕ್ಚರ್

ಹ್ಯಾಂಡ್‌ಪೋಸ್ಟ್

ಹೊರದೇಶ ನೋಡಿ ಬಂದವರು ಅಲ್ಲಿನ ಅರಮನೆ, ಸೇತುವೆ, ಮ್ಯೂಸಿಯಮ್ಮುಗಳ ಬಗ್ಗೆ ಬರೆಯುತ್ತಾರೆ. ನಾನು ಅವುಗಳಲ್ಲೊಂದನ್ನೂ ನೋಡಲಿಲ್ಲ. ಒಂದು ಗುಡ್ಡ ನೋಡಿದೆ, ಬೇಕಾದಷ್ಟು ಕುರಿ ನೋಡಿದೆ, ಹರಿದ ಟಯರೊಂದನ್ನು ಬಹಳ ಹೊತ್ತು ನೋಡಿದೆ. ಇವೆಲ್ಲಕ್ಕಿಂತ ಮುಖ್ಯವಾಗಿ ಒಂದು ಗಂಡು ನೋಡಿದೆ. ಹೋದದ್ದೇ ಅದಕ್ಕೆ.

ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟಿನಲ್ಲಿ ನನ್ನದೊಂದು ಸೈಕಲ್ ಶಾಪು. ಆಗಿನ್ನೂ ನಮ್ಮ ಕಡೆ ಮೊಬೈಲು ಹೊಸದು. ಒಂದು ಸಂಜೆ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ತಂಗಿ ಸಾವಿತ್ರಿಯ ಫೋನು ಬಂತು. ಅವಳು ವೇಲ್ಸಿನ ಒಂದು ಆಸ್ಪತ್ರೆಯಲ್ಲಿ ನರ್ಸು. ವೇಲ್ಸ್ ಅಂದರೆ ಇಂಗ್ಲೆಂಡಿನ ಮಗ್ಗುಲಿಗೆ ಅಂಟಿಕೊಂಡಿರುವ ಗುಡ್ಡಗಾಡು. ಊರಿನಲ್ಲಿ ಬಂದ ಗಂಡುಗಳನ್ನೆಲ್ಲ ಒಬ್ಬೊಬ್ಬರಾಗಿ ಬೇಡವೆಂದು ಮೂವತ್ತು ದಾಟಿದ ಈ ಹುಡುಗಿ, ಈಗ ನಾನೇ ಒಬ್ಬನನ್ನು ನೋಡಿಕೊಂಡಿದ್ದೇನೆ ಎಂದಳು.

"ಯಾವ ಜನ?" ಕೇಳಿದೆ.

"ಬಿಳೀ ಜನ ಕಣಣ್ಣ."

"ಏನ್ ಕೆಲ್ಸ?"

"ಗುಡ್ಡದಲ್ಲಿ ದಾರಿ ಮಾಡ್ತಾನೆ. ಸೈಕಲ್ ಓಡೋ ದಾರಿ."

ಸೈಕಲ್ಲು ಅಂದದ್ದಕ್ಕೆ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧ ಇಟ್ಟುಕೊಂಡು ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಅಂತ ನೀರಿನ ಚೊಂಬು ಸಿದ್ಧ ಮಾಡಿಕೊಂಡೇ ಕೂತಿದ್ದೆ. ಅವ್ವ ಅವರೆಕಾಯಿ ಬಿಡಿಸುವುದನ್ನೂ ನಿಲ್ಲಿಸಲಿಲ್ಲ.

"ನಿಮ್ಮಪ್ಪ ಇಲ್ಲ. ಧಾರೆ ಎರಿಯೋನು ನೀನು. ಓಗಿ ನೋಡ್ಕಂಡ್ ಬಾ. ನೀನು ಊಂ ಅಂದ್ರೆ ಊಂ, ಬ್ಯಾಡ ಅಂದ್ರೆ ಬ್ಯಾಡ. ಸಾವಿತ್ರಿಗೂ ಅಂಗೇ ಯೋಳಿವ್ನಿ."

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಹೋದಾಗ, ಒಪ್ಪಿಗೆಯ ಮಾತು ಬಾಯಿಂದ ಬರುವವರೆಗೂ ಅಲ್ಲಿ ಊಟಕ್ಕೆ ಕೂರುವುದಿಲ್ಲ. ಉಂಡ ಮನೆಗೆ ಬೇಡ ಅನ್ನಬಾರದು. ಅದರಲ್ಲೂ ಸಿಹಿ ಬಾಯಿಗೆ ಹಾಕಿಕೊಂಡರೆ ಮುಗಿಯಿತು, ಮಾತು ಕೊಟ್ಟಂತೆಯೇ ಲೆಕ್ಕ. ಇದೇನು ಕಷ್ಟದ ಕೆಲಸವಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಹುಣಸೂರಿಗೋ ಪಿರಿಯಾಪಟ್ಟಣಕ್ಕೋ ಹೋಗುತ್ತೇವೆ, ಗಂಡನ್ನು ನೋಡುತ್ತೇವೆ, ತಿಳಿಸ್ತೀವಿ ಬುಡಿ ಅಂತ ಹೇಳಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಉಂಡು ವಾಪಸ್ಸು ಬರುತ್ತೇವೆ. ಆದರೆ ಗಂಡಿನ ಮನೆಯಲ್ಲೇ ದಿನಗಟ್ಟಲೆ ಉಳಿಯಬೇಕಾದರೆ ಏನು ಮಾಡಬೇಕು ಅನ್ನುವುದನ್ನು ಹಿರಿಯರು ಯೋಚಿಸಿರಲಿಲ್ಲ. ಸಾವಿತ್ರಿ ಇದ್ದದ್ದು ನರ್ಸುಗಳ ಹಾಸ್ಟೆಲಿನಲ್ಲಿ. ಅಲ್ಲಿಗೆ ಗಂಡಸರು ಹೋಗುವಂತಿಲ್ಲ. ಹಾಗಾಗಿ ನನ್ನ ಬಿಡಾರ ಗಂಡಿನ ಮನೆಯಲ್ಲೇ ಎಂದಾಗಿತ್ತು.

"ನೀರು ಕುಡೀಬೌದಾ?" ಅವ್ವನನ್ನು ಕೇಳಿದೆ.

"ನೀರು ಗಂಗವ್ವ. ಕುಡಿ."

"ಟೀ?"

ಅವ್ವ ಇನ್ನೊಂದು ಅವರೆಕಾಯಿ ಬಿಡಿಸಿದಳು. "ಕುಡಿ. ಸಕ್ರೆ ಆಕುಸ್ಕಬ್ಯಾಡ."

"ಬಿಸ್ಕತ್ತು?"

"ನೀನು ಗಂಡು ನೋಡಾಕೆ ಓಯ್ತಿದ್ದೀಯೋ, ತಿನ್ನಾಕೋ?"

ನನ್ನ ಹೆಂಡತಿ ಹೊಸ ಅಗ್ರಹಾರದ ಕಡೆಯವಳು. ಅವರ ಕಡೆಯವರು ಮಾತು ಕಡಿಮೆ, ಕೈ ಧಾರಾಳ. ಅವಳು ರಾಗಿ ಹುರಿಹಿಟ್ಟು, ಚಕ್ಕುಲಿ, ನಿಪ್ಪಟ್ಟು, ಉಪ್ಪಿನಕಾಯಿ ಎಲ್ಲ ಒಂದು ಚೀಲಕ್ಕೆ ತುಂಬಿದಳು. ಅದೇ ಚೀಲಕ್ಕೆ ನಾನು ಪಂಕ್ಚರ್ ಸಾಮಾನು ತುಂಬಿದೆ. ಹಳೇ ಟ್ಯೂಬಿನ ತುಂಡುಗಳು, ಉಜ್ಜುವ ಅರ, ತೇಪೆ ಅಂಟಿಸುವ ಸಲ್ಯೂಷನ್ನು. ಎಲ್ಲಿಗೆ ಹೋದರೂ ಇವನ್ನು ಬಿಟ್ಟು ಹೋದವನಲ್ಲ ನಾನು.

ವಿಮಾನ ಇಳಿದ ಮೇಲೆ

ಚೀಲ ಬರಲಿಲ್ಲ. ಎಲ್ಲರ ಚೀಲಗಳೂ ರಬ್ಬರ್ ಪಟ್ಟಿಯ ಮೇಲೆ ಮೆರವಣಿಗೆ ಬಂದವು, ನನ್ನದು ಮಾತ್ರ ಬೇರೆ ಯಾವುದೋ ದೇಶಕ್ಕೆ ಹೋಗಿತ್ತು. ನಮ್ಮ ಕೆ.ಆರ್. ನಗರದ ಬಸ್ಸಿನ ಮೇಲೆ ಮರೆತ ಮೂಟೆ ಕೂಡ ಮರು ಟ್ರಿಪ್ಪಿಗೆ ಡ್ರೈವರ್ ಜೊತೆ ವಾಪಸ್ಸು ಬರುತ್ತದೆ.

ದೂರು ಬರೆದುಕೊಳ್ಳುವ ಹೆಂಗಸು ಚೀಲದಲ್ಲಿ ಏನಿತ್ತು ಎಂದು ಕೇಳಿದಳು. ನನ್ನ ಇಂಗ್ಲಿಷು ಕಾಕನಕೋಟೆಗೆ ಆನೆ ನೋಡಲು ಹೋಗುವ ವಿದೇಶಿಯರಿಗೆ ದಾರಿ ಹೇಳಿ ಹೇಳಿ ಬಂದದ್ದು. ಕೆಲಸ ನಡೆಯುವಷ್ಟಿತ್ತು. ಕಂದು ಬಣ್ಣದ ಪುಡಿ ಎಂದೆ. ಅವಳು ಪೆನ್ನು ನಿಲ್ಲಿಸಿದಳು. ರಬ್ಬರಿನ ತುಂಡು ಎಂದೆ. ಬೆಂಕಿಗೆ ಹಿಡಿದರೆ ಭಗ್ಗನೆ ಹತ್ತಿಕೊಳ್ಳುವ ಅಂಟು ಎಂದೆ. ಅವಳು ಎದ್ದು ಇನ್ನೊಬ್ಬನನ್ನು ಕರೆಯಲು ಹೋದಳು.

ನನ್ನನ್ನು ಕರೆದೊಯ್ಯಲು ಬಂದಿದ್ದ ಸಾವಿತ್ರಿ ಅಲ್ಲೇ ಇದ್ದಳು. ಅವಳು ಮುಂದೆ ಬಂದು ಏನೇನೋ ನಯವಾಗಿ ಮಾತಾಡಿ ನನ್ನನ್ನು ಆಚೆಗೆ ಎಳೆದುಕೊಂಡು ಬಂದಳು. ಚೀಲದ ಆಸೆ ಬಿಟ್ಟು ಅವಳ ಹಿಂದೆ ರೈಲು ಹತ್ತಿದೆ. ಹೀಗೆ ನಾನು ವೇಲ್ಸಿಗೆ ಕಾಲಿಟ್ಟದ್ದು ತಿನ್ನಲು ಒಂದು ಚಕ್ಕುಲಿಯೂ ಇಲ್ಲದೆ.

ಗ್ಯಾರೆತ್ ಮನೆ

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಓದುವವರಿಗೆ ಉಸಿರು ಸಾಲದು. ಊರ ಕೊನೆಗೆ ಕಪ್ಪು ಕಲ್ಲಿನ ಮನೆ. ಗಂಡಿನ ಹೆಸರು ಗ್ಯಾರೆತ್. ಎತ್ತರದ ಆಳು, ಕೆಂಪು ಗಡ್ಡ, ಜಡ್ಡುಗಟ್ಟಿದ ಅಂಗೈ. ಬಾಗಿಲಲ್ಲೇ ಕೈಮುಗಿದು, ಸಾವಿತ್ರಿ ಕಲಿಸಿದ್ದ ಕನ್ನಡದಲ್ಲಿ, "ನಮಸ್ಕಾರ. ಊಟ ಆಯ್ತಾ?" ಅಂದ. ಅವನಿಗೆ ಬರುತ್ತಿದ್ದ ಕನ್ನಡ ಅಷ್ಟೇ. ಬೆಳಿಗ್ಗೆ ಎದ್ದಾಗ, ದಾರಿಯಲ್ಲಿ ಎದುರಾದಾಗ, ಮಲಗಲು ಹೋಗುವಾಗ, ಸಿಕ್ಕ ಸಿಕ್ಕಲ್ಲೆಲ್ಲ ಅದನ್ನೇ ಕೇಳುತ್ತಿದ್ದ. ಹಸಿದವನನ್ನು ದಿನಕ್ಕೆ ಅಷ್ಟು ಸಲ ಊಟ ಆಯ್ತಾ ಎಂದು ಕೇಳುವುದು ಎಂಥ ಹಿಂಸೆ ಅನ್ನುವುದು ಪಾಪ ಅವನಿಗೆ ಗೊತ್ತಿರಲಿಲ್ಲ.

ಅವನ ತಾಯಿ ಮೇಗನ್, ಬಿಳಿ ಕೂದಲಿನ ಮುದುಕಿ, ಅವತ್ತು ಮೇಜಿನ ತುಂಬ ಅಡಿಗೆ ಮಾಡಿಟ್ಟಿದ್ದಳು. ಕುರಿಮಾಂಸದ ಸಾರು, ಬೆಣ್ಣೆ ಹಾಕಿ ಬೇಯಿಸಿದ ಆಲೂಗೆಡ್ಡೆ, ಒಣದ್ರಾಕ್ಷಿ ಹಾಕಿದ ರೊಟ್ಟಿ. ನನ್ನ ಬಾಯಲ್ಲಿ ನೀರೂರಿತು. ಬೇಡ ಎಂದು ಕೈಯಾಡಿಸಿದೆ. ಮುದುಕಿಯ ಮುಖ ಬಾಡಿತು. ಸಾವಿತ್ರಿ ಅಡ್ಡ ಬಂದು, ನಮ್ಮಣ್ಣನದು ವ್ರತ, ಹಗಲು ಏನೂ ತಿನ್ನುವುದಿಲ್ಲ, ಸಂಜೆ ಉಂಡರೂ ಮನೆಯ ಹೊರಗೇ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಿಜ ಹೇಳಿದರೆ ಇನ್ನೂ ಒಪ್ಪಿಲ್ಲ ಎಂದು ನೊಂದುಕೊಂಡಾರು ಅನ್ನುವುದು ಅವಳ ಭಯ. ಸಕ್ಕರೆಯಿಲ್ಲದ ಟೀ ಕುಡಿದೆ. ಅದು ಬೇವಿನೆಲೆ ಕುದಿಸಿದಂತಿತ್ತು.

ಮಾರನೆಯ ದಿನದಿಂದ ಆ ಮನೆಯಲ್ಲಿ ಒಂದು ವಿಚಿತ್ರ ಕಂಡೆ. ಒಲೆಯೇ ಹಚ್ಚುತ್ತಿರಲಿಲ್ಲ. ಕರೆಂಟಿನ ಕೆಟಲಿನಲ್ಲಿ ಕಾಸಿದ ನೀರಿನಲ್ಲೇ ಬೆಳಿಗ್ಗೆ ಟೀ, ಮಧ್ಯಾಹ್ನ ಟೀ. ಪಾತ್ರೆಯ ಸದ್ದಿಲ್ಲ, ಒಗ್ಗರಣೆಯ ವಾಸನೆಯಿಲ್ಲ. ಮೊದಲ ದಿನ ತೋರಿಕೆಗೆ ಅಷ್ಟೊಂದು ಮಾಡಿದ್ದಾರೆ, ನಿಜವಾದ ಬಾಳು ಇದು ಅಂದುಕೊಂಡೆ. ಗಂಡಿನ ಮನೆ ನೋಡಲು ಹೋದವನು ಒಲೆ ನೋಡಬೇಕು ಅಂತ ನಮ್ಮಲ್ಲಿ ಸುಮ್ಮನೆ ಹೇಳುತ್ತಾರೆಯೇ. ತಂಗಿಯನ್ನು ಇಂಥ ತಣ್ಣಗಿನ ಒಲೆಯ ಮುಂದೆ ಕೂರಿಸಲು ನನಗೆ ಮನಸ್ಸು ಬರಲಿಲ್ಲ.

ಬಸ್ ತಂಗುದಾಣ

ಪ್ರತಿ ಸಂಜೆ ಸಾವಿತ್ರಿ ಕೆಲಸ ಮುಗಿಸಿ ಡಬ್ಬಿಯಲ್ಲಿ ಅನ್ನ, ಹುರುಳಿ ಸಾರು ತರುತ್ತಿದ್ದಳು. ಗಂಡಿನ ಮನೆಯ ಮಾಡಿನ ಕೆಳಗೆ ಉಣ್ಣುವಂತಿಲ್ಲವಲ್ಲ. ಬೀದಿ ತುದಿಯ ಬಸ್ ತಂಗುದಾಣದಲ್ಲಿ ಕೂತು ಉಣ್ಣುತ್ತಿದ್ದೆ. ಜಿಟಿಜಿಟಿ ಮಳೆ ಬೀಳುತ್ತಿರುತ್ತಿತ್ತು. ಬಸ್ಸು ಬಂದು ನಿಲ್ಲುತ್ತಿತ್ತು, ಡ್ರೈವರು ಬಾಗಿಲು ತೆಗೆದು ನನ್ನನ್ನು ನೋಡುತ್ತಿದ್ದ, ನಾನು ಸಾರಿನ ಕೈಯೆತ್ತಿ ಹೋಗು ಎನ್ನುತ್ತಿದ್ದೆ. ಎರಡನೆಯ ಸಂಜೆಯಿಂದ ಅವನು ಬಾಗಿಲು ತೆಗೆಯುವುದು ಬಿಟ್ಟು ಒಳಗಿಂದಲೇ ಕೈಬೀಸಿ ಹೋಗತೊಡಗಿದ.

ಮೂರನೆಯ ಸಂಜೆ ಸಾವಿತ್ರಿ ನನ್ನ ಪಕ್ಕ ಕೂತು ಕೇಳಿದಳು. "ಏನಂತೀಯಾ ಅಣ್ಣ?"

"ಒಲೆ ಅಚ್ಚಾಕಿಲ್ವಲ್ಲೇ ಅವ್ರು."

"ಅದ್ಕೂ ಇದ್ಕೂ ಏನು?"

"ನೋಡಾನ ತಡಿ. ನಾಳೆ ಗುಡ್ಡಕ್ಕೆ ಕರ್ಕಂಡೋಯ್ತಾನಂತೆ."

"ನಾಳಿದ್ದು ನೀನು ಹೊರಡ್ತೀಯ. ನಾಳೆ ಹೇಳ್ಬೇಕು." ಅವಳು ಮಳೆ ನೋಡುತ್ತಾ ಮೆಲ್ಲಗೆ ಹೇಳಿದಳು. "ನೀನು ಬೇಡ ಅಂದ್ರೆ ನಾನು ಮದ್ವೆ ಆಗಾಕಿಲ್ಲ. ಅವ್ವಂಗೆ ಮಾತು ಕೊಟ್ಟಿವ್ನಿ. ಆದ್ರೆ ಇನ್ಯಾರನ್ನೂ ಆಗಾಕಿಲ್ಲ ಕಣಣ್ಣ. ಅದೂ ನಿಂಗೆ ಗೊತ್ತಿರ್ಲಿ."

ಸಾವಿತ್ರಿ ಹಟಕ್ಕೆ ಮಾತಾಡುವವಳಲ್ಲ. ಸಣ್ಣವಳಿದ್ದಾಗಿನಿಂದಲೂ ಅಂದದ್ದನ್ನು ಮಾಡಿಯೇ ತೀರುವವಳು. ಉಳಿದ ಅನ್ನಕ್ಕೆ ಡಬ್ಬಿಯ ಮುಚ್ಚಳ ಹಾಕಿದೆ. ಆಗಲೂ ನನ್ನ ಮನಸ್ಸು ಬೇಡ ಅನ್ನುವ ಕಡೆಗೇ ವಾಲಿತ್ತು.

ಗುಡ್ಡ

ಬೆಳಿಗ್ಗೆ ಗ್ಯಾರೆತ್ ಎರಡು ಸೈಕಲ್ಲು ಹೊರತೆಗೆದ. ಟಯರು ನಮ್ಮ ಮೊಪೆಡ್ಡಿನಷ್ಟು ದಪ್ಪ, ಹ್ಯಾಂಡಲ್ಲು ಎಮ್ಮೆ ಕೊಂಬಿನಷ್ಟು ಅಗಲ. ಮಡ್‌ಗಾರ್ಡಿಲ್ಲ, ಕ್ಯಾರಿಯರ್ರಿಲ್ಲ, ಬೆಲ್ಲಿಲ್ಲ, ಸ್ಟ್ಯಾಂಡು ಕೂಡ ಇಲ್ಲ. ಒಂದು ಮೂಟೆ ಗೊಬ್ಬರ ಹೊರಲಾಗದ ಸೈಕಲ್ಲನ್ನು ಸೈಕಲ್ಲು ಎಂದು ನಾನು ಒಪ್ಪಲಾರೆ. ಅತಿಥಿಯಾಗಿ ಹೋಗಿದ್ದೆನಾದ್ದರಿಂದ ಬಾಯಿ ಮುಚ್ಚಿಕೊಂಡು ಹತ್ತಿದೆ.

ಅವನ ಕೆಲಸ ಏನೆಂದು ಗುಡ್ಡದ ಮೇಲೆ ನನಗೆ ಅರ್ಥವಾಯಿತು. ಸಮವಾಗಿರುವ ನೆಲವನ್ನು ಅಗೆದು ಹಳ್ಳ ಮಾಡುವುದು, ಹಳ್ಳವಿಲ್ಲದ ಕಡೆ ಬಂಡೆ ಉರುಳಿಸಿ ತಂದಿಡುವುದು, ಅಲ್ಲಲ್ಲಿ ಮರದ ಬೇರು ಬಿಡಿಸುವುದು. ಅದರ ಮೇಲೆ ಸೈಕಲ್ಲು ಬಿಡಲು ದೂರದೂರದಿಂದ ಜನ ಬರುತ್ತಾರಂತೆ. ನಮ್ಮ ಅಂತರಸಂತೆ ಕಡೆಯ ರಸ್ತೆಗಳು ಯಾರೂ ಕಷ್ಟಪಡದೆ ತಾವಾಗಿಯೇ ಹೀಗಾಗಿವೆ ಎಂದು ಹೇಳಿದೆ. ಗ್ಯಾರೆತ್ ಬಹಳ ಗೌರವದಿಂದ ಕೇಳಿದ. ಮದುವೆಯಾದ ಮೇಲೆ ಬಂದು ನೋಡುತ್ತೇನೆ ಎಂದ. ನಾನು ಅದಕ್ಕೆ ಊಂ ಅನ್ನಲಿಲ್ಲ.

ಗುಡ್ಡದಲ್ಲಿ ಕಾಡುಪ್ರಾಣಿ ಅಂದರೆ ಕುರಿ. ದಾರಿ ಬದಿಗೆ ಕುರಿಗಳಿವೆ, ಎಚ್ಚರಿಕೆ ಎಂದು ಬೋರ್ಡು ಬೇರೆ ಹಾಕಿದ್ದರು. ಕಾಕನಕೋಟೆ ಕಾಡಿನಂಚಿನಲ್ಲಿ ಓಡಾಡಿ ಬೆಳೆದವನಿಗೆ ಆನೆ ಲದ್ದಿ ಬಿಸಿಯಿದೆಯೋ ತಣ್ಣಗಿದೆಯೋ ನೋಡಿಕೊಂಡು ಮುಂದೆ ಹೋಗುವ ಅಭ್ಯಾಸ. ಇಲ್ಲಿ ಕುರಿಗೆ ಹೆದರಬೇಕೆಂದರೆ ನಗು ಬಂತು. ಆ ನಗು ಮುಗಿಯುವ ಮೊದಲೇ, ಇಳಿಜಾರಿನ ತಿರುವಿನಲ್ಲಿ ಒಂದು ದಪ್ಪ ಕುರಿ ದಾರಿಗಡ್ಡ ಮಲಗಿತ್ತು. ಬೆಲ್ಲು ಹೊಡೆಯೋಣವೆಂದರೆ ಬೆಲ್ಲಿಲ್ಲ. ಹ್ಯಾಂಡಲ್ಲು ಎಳೆದು ಪಕ್ಕದ ಚಪ್ಪಡಿ ಕಲ್ಲುಗಳ ರಾಶಿಯ ಮೇಲೆ ಹತ್ತಿಸಿಬಿಟ್ಟೆ. ಬುಸ್ಸೆಂದು ಸದ್ದಾಯಿತು. ಬಿಳಿ ಹಾಲು ಚಿಮ್ಮಿ ನನ್ನ ಹೊಸ ಪ್ಯಾಂಟು, ಮುಖ, ಮೀಸೆಯ ಮೇಲೆಲ್ಲ ಬಿತ್ತು.

ಕುರಿಯ ಕೆಚ್ಚಲಿಗೆ ಏನೋ ಮಾಡಿಬಿಟ್ಟೆ ಅಂದುಕೊಂಡೆ. ಅದು ಎದ್ದು, ನನ್ನನ್ನೊಮ್ಮೆ ನೋಡಿ, ಮೇಯಲು ಹೋಯಿತು. ಹಾಲು ಬರುತ್ತಿದ್ದದ್ದು ನನ್ನ ಹಿಂದಿನ ಚಕ್ರದಿಂದ.

ಪಂಕ್ಚರ್

ಪಂಕ್ಚರ್ ಅಂದಮೇಲೆ ನನಗೆ ಜೀವ ಬಂತು. ಇಷ್ಟು ದಿನ ಈ ದೇಶದಲ್ಲಿ ನನಗೆ ತಿಳಿದ ಒಂದು ಸಂಗತಿಯೂ ಎದುರಾಗಿರಲಿಲ್ಲ. ಆಚೆ ಸರಿ ನೀನು ಎಂದು ಗ್ಯಾರೆತ್‌ನನ್ನು ಬದಿಗೆ ತಳ್ಳಿ, ಚಕ್ರ ಬಿಚ್ಚಿ, ತೊಡೆಯ ಮೇಲಿಟ್ಟುಕೊಂಡು ಟಯರಿನ ಅಂಚು ಎತ್ತಿದೆ. ಬಿಗಿಯೋ ಬಿಗಿ. ಹಲ್ಲು ಕಚ್ಚಿ ಎಳೆದೆ. ಬಂತು. ಟ್ಯೂಬು ಹಿಡಿಯಲು ಒಳಗೆ ಕೈ ಹಾಕಿದೆ.

ಟ್ಯೂಬಿಲ್ಲ.

ಚಕ್ರದ ಸುತ್ತ ಕೈಯಾಡಿಸಿದೆ. ಇಲ್ಲ. ಕೈ ತುಂಬ ಆ ಹಾಲು ಅಂಟಿಕೊಂಡಿತು. ಹಲಸಿನ ಹಣ್ಣು ಬಿಡಿಸುವಾಗಿನ ಹಾಗೆ ಬೆರಳಿಗೆ ಬೆರಳು ಹತ್ತಿಕೊಂಡಿತು.

"ಯಾವನೋ ಟ್ಯೂಬ್ ಕದ್ದವ್ನೆ ಕಣಯ್ಯ," ಎಂದೆ. ಗಾಬರಿಯಲ್ಲಿ ಕನ್ನಡದಲ್ಲೇ ಅಂದಿದ್ದೆ. ಮತ್ತೆ ಇಂಗ್ಲಿಷಿನಲ್ಲಿ ಹೇಳಿದೆ.

ಗ್ಯಾರೆತ್ ತಲೆಯಾಡಿಸಿದ. ಇದರಲ್ಲಿ ಟ್ಯೂಬೇ ಇರುವುದಿಲ್ಲ ಎಂದ. ಟಯರಿಗೂ ಚಕ್ರಕ್ಕೂ ನಡುವೆ ಬರೀ ಗಾಳಿಯಂತೆ. ಒಳಗಿರುವ ಹಾಲು ಮುಳ್ಳು ಚುಚ್ಚಿದ ತೂತನ್ನು ತಾನೇ ಮುಚ್ಚುತ್ತದಂತೆ. ಆದರೆ ನಾನು ಕಲ್ಲಿಗೆ ಹೊಡೆದು ಟಯರಿನ ಮಗ್ಗುಲನ್ನೇ ಸೀಳಿದ್ದರಿಂದ ಹಾಲಿನ ಕೈಲಿ ಆಗುತ್ತಿಲ್ಲವಂತೆ.

ಟ್ಯೂಬಿಲ್ಲದ ಕಾರು, ಬೈಕಿನ ಟಯರಿನ ಸುದ್ದಿ ನಾನೂ ಕೇಳಿದ್ದೆ. ಆದರೆ ತುಳಿಯುವ ಸೈಕಲ್ಲಿಗೆ ಟ್ಯೂಬಿಲ್ಲ ಅಂದರೆ ಯಾರು ನಂಬುತ್ತಾರೆ. ಹ್ಯಾಂಡ್‌ಪೋಸ್ಟಿನಲ್ಲಿ ತಿರಿದು ತಿನ್ನುವವನ ಸೈಕಲ್ಲಿನಲ್ಲೂ ಟ್ಯೂಬಿರುತ್ತದೆ, ಅದರ ಮೇಲೆ ಹತ್ತು ತೇಪೆ ಇರಬಹುದು, ಆ ಮಾತು ಬೇರೆ. ನನಗೆ ಎಲ್ಲ ಕೂಡಿ ಬಂದಂತಾಯಿತು. ಹಚ್ಚದ ಒಲೆ, ಟ್ಯೂಬಿಲ್ಲದ ಚಕ್ರ. ಟ್ಯೂಬಿಗೂ ಗತಿಯಿಲ್ಲದವನು ನನ್ನ ತಂಗಿಯನ್ನು ಏನು ಸಾಕುತ್ತಾನೆ. ಬೇಡ ಅನ್ನುವುದು ಗಟ್ಟಿಯಾಯಿತು. ಸಾವಿತ್ರಿಗೆ ಹೇಗೆ ಹೇಳಬೇಕು ಅನ್ನುವುದನ್ನಷ್ಟೇ ಯೋಚಿಸತೊಡಗಿದೆ.

ಗ್ಯಾರೆತ್ ಚೀಲದಿಂದ ದಬ್ಬಳದಂಥದ್ದೊಂದನ್ನು ತೆಗೆದು, ಅದಕ್ಕೆ ಕಂದು ಬಣ್ಣದ ಅಂಟಿನ ಎಳೆ ಪೋಣಿಸಿ ಸೀಳಿಗೆ ತುರುಕಿದ. ಆ ಎಳೆ ನಮ್ಮ ಪಿರಿಯಾಪಟ್ಟಣದ ಹೊಗೆಸೊಪ್ಪನ್ನು ಹೊಸೆದಂತಿತ್ತು. ಒಂದು ಎಳೆ ಹಾಕಿದ, ಬಿದ್ದುಹೋಯಿತು. ಎರಡು ಹಾಕಿದ, ಅವೂ ಬಿದ್ದವು. ಸೀಳು ಅಷ್ಟು ದೊಡ್ಡದು.

ಅಷ್ಟರಲ್ಲಿ ಕೋಲೂರಿಕೊಂಡು ನಡೆಯುವವರು ಕೆಲವರು ಬಂದರು. ಮಳೆ ಹನಿಯುತ್ತಿತ್ತು, ನಾವಿಬ್ಬರೂ ಮೈಯೆಲ್ಲ ಹಾಲು, ಕೆಸರು ಮಾಡಿಕೊಂಡು ಕೂತಿದ್ದೆವು. ಒಳ್ಳೇ ಹವಾ ಅಲ್ಲವೇ ಎಂದು ಹೇಳಿ ಮುಂದೆ ಹೋದರು. ಹ್ಯಾಂಡ್‌ಪೋಸ್ಟಿನಲ್ಲಿ ಒಬ್ಬ ಪಂಕ್ಚರ್ ಆಗಿ ನಿಂತರೆ ಕ್ಷಣದಲ್ಲಿ ಜನ ಸುತ್ತುಗಟ್ಟುತ್ತಾರೆ. ಒಬ್ಬ ಚಕ್ರ ಹಿಡಿಯುತ್ತಾನೆ, ಒಬ್ಬ ಅವನು ಹಿಡಿದದ್ದು ಸರಿಯಿಲ್ಲ ಅನ್ನುತ್ತಾನೆ, ಒಬ್ಬ ಯಾವತ್ತೋ ತನಗಾದ ಪಂಕ್ಚರಿನ ಕಥೆ ತೆಗೆಯುತ್ತಾನೆ. ನನಗೆ ಊರಿನ ನೆನಪು ಬಹಳ ಕಾಡಿತು. ಹಸಿವೂ ಇದ್ದಿರಬೇಕು.

ಆಮೇಲೆ ಗ್ಯಾರೆತ್ ಒಂದು ಕೆಲಸ ಮಾಡಿದ. ಅವನು ಬೆನ್ನಿನ ಚೀಲದಿಂದ ಒಂದು ಟ್ಯೂಬು ತೆಗೆದ. ಹೊಸದು, ಮಡಿಕೆ ಬಿಚ್ಚದ್ದು.

"ಇತ್ತಲ್ಲೋ ಟ್ಯೂಬು," ಎಂದೆ.

ಯಾವಾಗಲೂ ಒಂದು ಇಟ್ಟುಕೊಂಡಿರುತ್ತೇನೆ ಎಂದ.

ಇದ್ದ ಟ್ಯೂಬನ್ನು ಚಕ್ರದೊಳಗೆ ಹಾಕದೆ ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತುವ ಜನ. ಕೊಡೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಮಳೆಯಲ್ಲಿ ನೆನೆದು ಬರುವವರನ್ನು ನಾನು ಊರಲ್ಲೂ ನೋಡಿದ್ದೇನೆ, ಅವರನ್ನು ನಾವು ಬುದ್ಧಿವಂತರು ಅನ್ನುವುದಿಲ್ಲ. ಗತಿಯಿಲ್ಲದವನಲ್ಲ, ತಲೆ ಸರಿಯಿಲ್ಲದವನು ಎಂದು ನನ್ನ ತೀರ್ಮಾನ ತಿದ್ದಿಕೊಂಡೆ.

ಟ್ಯೂಬು ಹಾಕಿ ಸ್ವಲ್ಪ ಗಾಳಿ ಹೊಡೆದ. ಟಯರಿನ ಸೀಳಿನಿಂದ ಟ್ಯೂಬು ಉಬ್ಬಿ ಹೊರಗೆ ಇಣುಕಿತು. "ನಿಲ್ಸು, ಒಡ್ದೋಯ್ತದೆ," ಎಂದು ಅವನ ಕೈ ಹಿಡಿದೆ. ಅವನೂ ಅದನ್ನೇ ಹೇಳಲು ನನ್ನ ಕಡೆ ತಿರುಗಿದ್ದ. ಟಯರು ಸೀಳಿದಾಗ ಒಳಗಿಂದ ಗಟ್ಟಿ ತುಂಡೊಂದನ್ನು ಇಡಬೇಕು, ಅದಕ್ಕೆ ನಾವು ಗೇಟರ್ ಅನ್ನುತ್ತೇವೆ. ಬೆರಳಿನಲ್ಲಿ ಅಳತೆ ತೋರಿಸಿದೆ. ಅವನೂ ಅದೇ ಅಳತೆ ತೋರಿಸಿದ. ಇಬ್ಬರೂ ಒಟ್ಟಿಗೆ ಹೌದು ಹೌದು ಎಂದೆವು. ಈ ದೇಶಕ್ಕೆ ಬಂದ ಮೇಲೆ ಮೊದಲ ಬಾರಿಗೆ ನನಗೂ ಅವನಿಗೂ ಒಂದು ವಿಷಯದಲ್ಲಿ ಒಮ್ಮತ ಬಂದಿತ್ತು.

ಆದರೆ ಗುಡ್ಡದ ನೆತ್ತಿಯಲ್ಲಿ ಗೇಟರ್ ಎಲ್ಲಿಂದ ತರುವುದು. ನನ್ನ ತುಂಡುಗಳೆಲ್ಲ ಚೀಲದ ಜೊತೆ ದೇಶಾಂತರ ಹೋಗಿದ್ದವು. ಬೆಲ್ಟು ದಪ್ಪವಾಯಿತು. ಕರವಸ್ತ್ರ ತೆಳುವಾಯಿತು, ಆದರೂ ನಾಲ್ಕು ಮಡಿಕೆ ಮಾಡಿ ಇಟ್ಟೆ. ಈಗ ಪಂಪು ಹೊಡೆಯಬೇಕು. ಅವರ ಪಂಪೋ ಗೇಣುದ್ದ, ಪೀಪಿಯಷ್ಟು ಸಣ್ಣದು. ನಾನೇ ಹೊಡೀತೀನಿ ಎಂದು ಕಿತ್ತುಕೊಂಡೆ. ಹೊಡೆದೆ, ಹೊಡೆದೆ. ಟಯರು ಏಳಲಿಲ್ಲ, ನನ್ನ ಕಣ್ಣಿನ ಮುಂದೆ ಮಾತ್ರ ಮಿಣುಕು ಹುಳ ಎದ್ದವು. ಪಂಪು ಹಿಡಿದುಕೊಂಡೇ ಹುಲ್ಲಿನ ಮೇಲೆ ಒರಗಿದೆ.

ಗ್ಯಾರೆತ್ ಓಡಿ ಬಂದು ನನ್ನ ತಲೆ ಎತ್ತಿ ನೀರು ಕುಡಿಸಿದ. ಆಮೇಲೆ ತಾನು ಪಂಪು ತೆಗೆದುಕೊಂಡ. ಸ್ವಲ್ಪ ಹೊಡೆಯುವಷ್ಟರಲ್ಲಿ ಅವನೂ ಮುಖ ಬೆಳ್ಳಗೆ ಮಾಡಿಕೊಂಡು ನನ್ನ ಪಕ್ಕ ಕೂತುಬಿಟ್ಟ. ಅಷ್ಟೆತ್ತರದ ಆಳು, ದಿನಾ ಬಂಡೆ ಉರುಳಿಸುವವನು.

"ನಿಂಗೇನಾಯ್ತು?" ಕೇಳಿದೆ.

ಅವನು ಹೇಳಲು ನಾಚಿಕೊಂಡ. ಕೊನೆಗೆ ಹೇಳಿದ. ನೀವು ಹಗಲೆಲ್ಲ ಉಪವಾಸ ಇರುವಾಗ ನಿಮ್ಮ ಎದುರು ನಾವು ತಿನ್ನುವುದು ಹೇಗೆ ಎಂದು ಅಮ್ಮ ಅಂದಳು. ಅಡಿಗೆಯ ವಾಸನೆ ಬಂದರೂ ನಿಮ್ಮ ವ್ರತಕ್ಕೆ ತೊಂದರೆ ಎಂದು ಒಲೆ ಹಚ್ಚುತ್ತಿಲ್ಲ. ನೀವು ಸಂಜೆ ಬಸ್ ತಂಗುದಾಣಕ್ಕೆ ಹೋದಾಗ ಇಬ್ಬರೂ ಒಂದೊಂದು ಒಣ ರೊಟ್ಟಿ ತಿನ್ನುತ್ತೇವೆ. ನಾನು ಹೇಗೋ ತಡೆದುಕೊಳ್ಳುತ್ತೇನೆ, ಅಮ್ಮನಿಗೆ ವಯಸ್ಸಾಗಿದೆ, ನಿನ್ನೆಯಿಂದ ತಲೆ ಸುತ್ತುತ್ತದೆ ಅನ್ನುತ್ತಿದ್ದಾಳೆ.

ಯಾರ ಮನೆಯ ಒಲೆ ನೋಡಿ ಮೂಗು ಮುರಿದಿದ್ದೆನೋ ಆ ಒಲೆ ಆರಿದ್ದದ್ದು ನನ್ನಿಂದ. ಆ ಮುದುಕಿ ನನ್ನ ಮುಂದೆ ನಗುತ್ತಾ ಟೀ ತಂದಿಡುತ್ತಿದ್ದಳು, ಖಾಲಿ ಹೊಟ್ಟೆಯಲ್ಲಿ. ನನಗೆ ಅಳು ಬಂತು. ಮಳೆಯಿತ್ತು, ಅವನಿಗೆ ಗೊತ್ತಾಗಲಿಲ್ಲ.

ಗ್ಯಾರೆತ್ ಜೇಬಿನಿಂದ ಒಂದು ಚಾಕ್ಲೇಟಿನ ಕಡ್ಡಿ ತೆಗೆದ. ಅದರ ಸುತ್ತ ದಪ್ಪ ಬೆಳ್ಳಿ ಬಣ್ಣದ ಹಾಳೆ. ಬಟ್ಟೆ ನಿಲ್ಲುವುದಿಲ್ಲ, ಈ ಹಾಳೆ ಹರಿಯುವುದಿಲ್ಲ, ಮಡಿಸಿ ಇಟ್ಟರೆ ಗೇಟರ್ ಆಗುತ್ತದೆ ಎಂದ. ಹಾಳೆ ಬಿಚ್ಚಿದ. ಒಳಗಿದ್ದದ್ದನ್ನು ಎರಡು ಮಾಡಿ ಒಂದು ತುಂಡು ಹಿಡಿದ, ನನ್ನ ಕಡೆ ಚಾಚಲು ಹೋಗಿ ವ್ರತ ನೆನಪಾಗಿ ಕೈ ಹಿಂದೆ ತೆಗೆದುಕೊಂಡ. ತಾನೂ ತಿನ್ನಲಿಲ್ಲ. ಎರಡೂ ತುಂಡುಗಳನ್ನು ಪಕ್ಕದ ಕಲ್ಲಿನ ಮೇಲೆ ಮಳೆಯಲ್ಲಿ ಇಟ್ಟು, ಹಾಳೆ ಮಡಿಸತೊಡಗಿದ.

ಅವ್ವನ ಮಾತು ಮರೆತಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ. ಚೆನ್ನಾಗಿ ನೆನಪಿತ್ತು. ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡೆ. ಇನ್ನೊಂದನ್ನು ಅವನ ಬಾಯಿಗೆ ಹಿಡಿದೆ.

"ತಿನ್ನು ಮಾರಾಯ," ಎಂದೆ. "ನಿಮ್ಮಮ್ಮ ಕಾಯ್ತಾ ಅವ್ಳೆ."

ತಿಂದ. ಆಮೇಲೆ ಪಂಪು ಹೊಡೆದೆವು, ಒಬ್ಬರಾದ ಮೇಲೆ ಒಬ್ಬರು. ಟಯರು ಎದ್ದಿತು.

ಮತ್ತೆ ಗ್ಯಾರೆತ್ ಮನೆ

ಗೇಟಿನಲ್ಲಿ ಸಾವಿತ್ರಿ ನಿಂತಿದ್ದಳು. ಆಸ್ಪತ್ರೆಯ ಬಟ್ಟೆ ಹಾಕಿಕೊಂಡು, ಅವತ್ತಿನ ರಾತ್ರಿ ಪಾಳಿಗೆ ಹೊರಡುವ ಮೊದಲು ನನ್ನ ಮಾತು ಕೇಳಿಹೋಗಲು ಬಂದಿದ್ದಳು. ನನ್ನ ಮುಖ ನೋಡಿದಳು, ಆಮೇಲೆ ಮೀಸೆ ನೋಡಿದಳು.

"ಅಣ್ಣ, ಮೀಸೇಲೇನು?"

"ಚಾಕ್ಲೇಟು ಕಣವ್ವ," ಎಂದೆ. "ನಿನ್ ಗಂಡನ ಸೈಕಲ್ಲಿಗೆ ಗೇಟರ್ ಬೇಕಿತ್ತು."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡು ಅಳತೊಡಗಿದಳು. ಗ್ಯಾರೆತ್ ಹೌಹಾರಿದ. ಹೆಂಡತಿಯಾಗುವವಳ ಅಣ್ಣನ ವ್ರತವನ್ನು ತಾನೇ ಕೆಡಿಸಿದೆನೆಂದು ತಿಳಿದು, ಕೈಮುಗಿದು ನನ್ನ ಕ್ಷಮೆ ಕೇಳಿದ. ಸದ್ದು ಕೇಳಿ ಮೇಗನ್ ಹೊರಗೆ ಬಂದಳು. ವಿಷಯ ತಿಳಿದು ಅವಳಿಗೂ ಭಯವಾಯಿತು. ನಿಮ್ಮ ದೇವರಿಗೆ ತಪ್ಪುಕಾಣಿಕೆ ಏನಾದರೂ ಕಟ್ಟಬೇಕೇ ಎಂದು ಕೇಳಿದಳು. ಸಾವಿತ್ರಿ ಅಳುತ್ತಾ ನಗುತ್ತಾ ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ವ್ರತವೂ ಇಲ್ಲ ಏನೂ ಇಲ್ಲ, ಉಂಡರೆ ಒಪ್ಪಿದಂತೆ, ಅದಕ್ಕೇ ಅಣ್ಣ ಉಂಡಿರಲಿಲ್ಲ ಎಂದಳು.

ಮೇಗನ್ ನನ್ನ ಕಡೆ ತಿರುಗಿದಳು. ಹಾಗಾದರೆ ಇಷ್ಟು ದಿನ ನಾವು ಸುಮ್ಮನೆ ಹಸಿದುಕೊಂಡಿದ್ದೆವೇ ಎಂದು ಕೇಳಿದಳು. ನಾನು ತಲೆ ತಗ್ಗಿಸಿದೆ. ಮುದುಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಅವರ ಭಾಷೆಯಲ್ಲಿ ಒಂದಷ್ಟು ಹೇಳಿದಳು. ಬೈಗುಳವೇ ಇರಬೇಕು, ಗ್ಯಾರೆತ್ ಅದನ್ನು ಇಂಗ್ಲಿಷಿಗೆ ಮಾಡಿ ಹೇಳಲಿಲ್ಲ. ಬೈದು ಮುಗಿಸಿ ಒಳಗೆ ಹೋಗಿ ಒಲೆ ಹಚ್ಚಿದಳು.

ಮೇಜಿಗೆ ಮತ್ತೆ ಸಾರು ಬಂತು, ಆಲೂಗೆಡ್ಡೆ ಬಂತು. ಮೂವರೂ ತಿಂದೆವು. ಸಾವಿತ್ರಿ ಹಿಂದೆ ನಿಂತು ನಮಗೆ ಬಡಿಸಿದಳು. ನಾನು ಎರಡನೆಯ ಸಲ ಹಾಕಿಸಿಕೊಂಡ ಮೇಲೆ ಅವಳು ಊರಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ಎಂಜಲು ಕೈ ದೂರ ಹಿಡಿದುಕೊಂಡು ಬಾಗಿಲಾಚೆ ಬಂದು ಮಾತಾಡಿದೆ.

"ಅವ್ವ, ಉಂಡೆ."

ಆ ಕಡೆ ಅವ್ವ ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು.

"ಏಟು ಉಂಡೆ?" ಅವ್ವ ಕೇಳಿದಳು.

"ಎರಡ್ ಸಲ ಆಕುಸ್ಕಂಡೆ. ಅದ್ಕೂ ಮುಂಚೆ ಸಿಹಿ ತಿಂದೆ."

"ಉಂಡ್ನಂತೆ ಕಣೇ, ಅಲ್ಲಿ ಉಂಡ್ನಂತೆ," ಎಂದು ಅವ್ವ ನನ್ನ ಹೆಂಡತಿಗೆ ಕೂಗಿ ಹೇಳಿದ್ದು ಕೇಳಿಸಿತು. ಸಾವಿತ್ರಿ ನನ್ನ ಕೈಯಿಂದ ಫೋನು ಕಿತ್ತುಕೊಂಡು ಕಿವಿಗೆ ಒತ್ತಿ ಹಿಡಿದಳು. ಆ ಕಡೆ ಅವ್ವ, ಈ ಕಡೆ ಇವಳು, ಇಬ್ಬರೂ ಸುಮ್ಮನೆ ಅಳುತ್ತಿದ್ದರು. ನಾನು ಅಲ್ಲಿ ನಿಂತು ಮಾಡುವುದೇನಿತ್ತು. ಒಳಗೆ ಹೋಗಿ ಮೂರನೆಯ ಸಲ ಹಾಕಿಸಿಕೊಂಡೆ.